ಮಾಫಿಯ ಗೆರೆ ಮತ್ತು ನನ್ನ ಮಗಳ ಒಲೆ

ಪಟ್ಟಿ ಕೊಡುವುದಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಓಣಿಯಲ್ಲಿ ಇವತ್ತಿಗೂ ಕೆಲವರು ನನ್ನನ್ನು "ಗಾಡಿಗೆ ರೊಕ್ಕಾ ಕೊಡಲಾರದಕ್ಕ ಮಗಳ ಸಂಸಾರ ಮುರಿದಾಕಿ" ಎನ್ನುತ್ತಾರೆ. ಎದುರಿಗೆ ಅನ್ನುವುದಿಲ್ಲ. ಎದುರಿಗೆ ಅಂದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು.

ನಾನಿರುವುದು ಸವಣೂರಿನಲ್ಲಿ. ಮನೆಯ ಮುಂದೆ ತಗಡಿನ ಕೆಳಗೆ ಭಟ್ಟಿ ಹೂಡಿ ಖಾರಾ ಕರಿದು ಮಾರುತ್ತೇನೆ. ಗಂಡ ಸತ್ತ ವರ್ಷ ಶುರು ಮಾಡಿದ್ದು, ಈಗ ಮೊಮ್ಮಗಳು ನಾಲ್ಕನೆಯ ಇಯತ್ತೆಗೆ ಹೋಗುತ್ತಾಳೆ, ಇನ್ನೂ ಕರಿಯುತ್ತಿದ್ದೇನೆ. ಸಾಲಿ ನಾನು ಕಲಿತದ್ದು ಅವಳಿಗಿಂತ ಕಡಿಮೆ.

ನಮ್ಮಲ್ಲಿ ಪಟ್ಟಿ ಎಂದರೆ ಓಣಿಯವರೆಲ್ಲ ಸೇರಿ ಹಾಕಿಕೊಳ್ಳುವ ವಂತಿಗೆ. ಗುಡಿಗೆ ಸುಣ್ಣ ಬಳಿಯಲಿ, ಗಟಾರದ ಮೇಲೆ ಕಲ್ಲು ಹಾಸಲಿ, ಪಟ್ಟಿ ಹಾಕುವುದು ಒಲೆಯ ಲೆಕ್ಕದಲ್ಲಿ. ಮನೆ ಎಷ್ಟು, ಮಂದಿ ಎಷ್ಟು ಎಂದು ಯಾರೂ ಕೇಳುವುದಿಲ್ಲ, ಒಲೆ ಎಷ್ಟು ಉರಿಯುತ್ತವೆ ಎಂದು ಕೇಳುತ್ತಾರೆ. ಅಣ್ಣತಮ್ಮಂದಿರು ಜಗಳವಾಡಿ ಅಡಿಗೆ ಬೇರೆ ಮಾಡಿಕೊಂಡರೆ ಎರಡು ಒಲೆ, ಎರಡು ಪಟ್ಟಿ. ನಾನು ಹುಟ್ಟಿದ ಹಾನಗಲ್ಲ ಕಡೆಯ ಊರಲ್ಲೂ ಹೀಗೇ ಇತ್ತು. ಹಿರಿಯರು ಒಂದು ದಿನ ಮುಂಜಾನೆ ಮನೆಮನೆಗೆ ಬಂದು ಒಲೆ ಎಣಿಸುತ್ತಾರೆ. ಒಲೆಯಲ್ಲಿ ಬೆಂಕಿ ಇರಬೇಕು, ಮೇಲೆ ಪಾತ್ರೆ ಇರಬೇಕು, ಆಗ ಅದು ಲೆಕ್ಕಕ್ಕೆ. ನನ್ನ ಖಾರದ ಭಟ್ಟಿ ಲೆಕ್ಕಕ್ಕಿಲ್ಲ, ಅದು ದಂದೆಯದು. ಹಿಂದೆಲ್ಲ ಪಟ್ಟಿ ಉಳಿಸಲು ಜನ ಒಲೆ ಬಚ್ಚಿಡುತ್ತಿದ್ದರು. ವರ್ಷವೆಲ್ಲ ಒಬ್ಬರ ಮುಖ ಒಬ್ಬರು ನೋಡದ ಅತ್ತೆ ಸೊಸೆ ಎಣಿಕೆಯ ದಿನ ಒಂದೇ ಒಲೆಯ ಮುಂದೆ ಮೈಗೆ ಮೈ ಹಚ್ಚಿ ಕೂತಿರುತ್ತಿದ್ದರು.

ಈ ಸಲದ ಪಟ್ಟಿ ಗಾಡಿಗಾಗಿ. ನಮ್ಮ ಓಣಿ ಉದ್ದಕ್ಕಿದೆ. ಮೇಲಿನ ತುದಿಯಲ್ಲಿ ವೀಳ್ಯದೆಲೆ ವ್ಯಾಪಾರಿಗಳ ಮನೆಗಳು, ಕೆಳಗಿನ ತುದಿಯಲ್ಲಿ ಎಲೆ ಕಟ್ಟುವವರು, ಗೌಂಡಿಗಳು ಮತ್ತು ನಾನು. ನನ್ನ ಪಕ್ಕದ ಮನೆಯವಳಿಗೆ ಎದೆನೋವು ಬಂದಾಗ ಯಾವ ವಾಹನವೂ ಸಿಗದೆ ಅವಳನ್ನು ಬಾಳೆಹಣ್ಣಿನ ತಳ್ಳುಗಾಡಿಯ ಮೇಲೆ ಮಲಗಿಸಿಕೊಂಡು ದವಾಖಾನೆಗೆ ಓಡಿದ್ದೆವು. ಬದುಕಿದಳು. ಆದರೆ ಪೇಟೆಯ ನಡುವೆ ಗೊನೆಯ ಹಾಗೆ ಹೋದದ್ದನ್ನು ಅವಳು ಇನ್ನೂ ಮರೆತಿಲ್ಲ. ಅದಾದ ಮೇಲೆ ಓಣಿಗೊಂದು ಹಳೆಯ ವ್ಯಾನು ಬೇಕು, ಓಡಿಸಲು ಪಗಾರದ ಡ್ರೈವರ್ ಬೇಕು ಎಂದಾಯಿತು. ಕೈ ಎತ್ತಿದವರಲ್ಲಿ ನಾನೇ ಮೊದಲು.

ವ್ಯಾನು ಕೊಳ್ಳಲು ಮೇಲಿನ ತುದಿಯ ಎಲೆ ವ್ಯಾಪಾರಿ ದೊಡ್ಡ ದೇಣಿಗೆ ಕೊಟ್ಟರು. ಅವರೇ ನಮ್ಮ ಓಣಿಯ ಯಜಮಾನರು. ಗಾಡಿಯ ಎರಡೂ ಕಡೆ ಅವರ ತಂದೆಯ ಹೆಸರು ಬರೆಸಿದರು. ಬರೆಸಲಿ, ನನ್ನದೇನೂ ತಕರಾರಿಲ್ಲ. ತಕರಾರು ಶುರುವಾದದ್ದು ತಿಂಗಳ ಖರ್ಚಿನ ಮಾತು ಬಂದಾಗ. ಡೀಸೆಲ್ ಇದೆ, ಡ್ರೈವರನ ಪಗಾರವಿದೆ, ತಿಂಗಳಾ ತಿಂಗಳಾ ಬೇಕು. ಒಲೆಗೆ ಇಷ್ಟು ಎಂದು ಸಮ ಹಾಕಿದರೆ ಯಜಮಾನರೂ ಎಲೆ ಕಟ್ಟುವವಳೂ ಒಂದೇ ಕೊಟ್ಟ ಹಾಗಾಗುತ್ತದೆ, ಅದು ಸರಿಯಲ್ಲ ಎಂದು ಕೆಳಗಿನ ತುದಿಯವರು ಗದ್ದಲ ಮಾಡಿದೆವು. ಆಗ ಓಣಿಯ ಮಾಸ್ತರರು ಒಂದು ದಾರಿ ಹೇಳಿದರು. ಅವರು ಸಾಲಿಯಿಂದ ನಿವೃತ್ತರಾದವರು, ಅವರ ಹೆಂಡತಿಯೂ ಸಾಲಿಯ ಅಕ್ಕೋರೇ ಆಗಿದ್ದವರು. ಒಳ್ಳೆಯ ಮನುಷ್ಯ. ಪಟ್ಟಿಯನ್ನು ದುಡಿಮೆಯ ಮೇಲೆ ಹಾಕೋಣ, ದುಡಿಯುವ ಎಲ್ಲರೂ ನೂರಕ್ಕೆ ಎರಡು ಕೊಡಲಿ, ಆದರೆ ತೀರ ಕಡಿಮೆ ದುಡಿಯುವವರಿಗೆ ಮಾಫಿ ಇರಲಿ ಎಂದರು. ತಿಂಗಳಿಗೆ ಹತ್ತು ಸಾವಿರಕ್ಕೆ ಗೆರೆ ಎಳೆದರು. ಗೆರೆಯ ಕೆಳಗಿದ್ದವರು ಏನೂ ಕೊಡಬೇಕಿಲ್ಲ, ಗೆರೆ ದಾಟಿದವರು ಪೂರ್ತಿ ದುಡಿಮೆಯ ಮೇಲೆ ಕೊಡಬೇಕು.

ಎಲ್ಲರೂ ಹೂಂ ಎಂದೆವು. ಗೆರೆ ಯಾರಿಗೆ, ಮನುಷ್ಯರಿಗೋ ಒಲೆಗೋ ಎಂದು ಯಾರೂ ಕೇಳಲಿಲ್ಲ. ಕೇಳಬೇಕು ಎಂದು ನಮಗೆ ಹೊಳೆಯಲೇ ಇಲ್ಲ, ಯಾಕೆಂದರೆ ಪಟ್ಟಿ ಎಂದರೆ ಒಲೆ ಎಂದು ಹುಟ್ಟಿದಾಗಿನಿಂದ ಕೇಳಿದ ಮಂದಿ ನಾವು.

ಮಾಸ್ತರರು ಮನೆಮನೆಗೆ ದುಡಿಮೆ ಕೇಳಲು ಬಂದರು. ನನ್ನ ಭಟ್ಟಿಯ ಮುಂದೆ ಕೂತು, ಕೊಟ್ಟ ಖಾರಾ ತಿನ್ನುತ್ತ, "ದಿನಕ್ಕ ಎಷ್ಟರ ಖಾರಾ ಮಾರ್ತೀರಿ ಯವ್ವಾ?" ಎಂದರು. ಹೇಳಿದೆ. ಅದನ್ನೇ ದುಡಿಮೆ ಎಂದು ಬರೆದುಕೊಳ್ಳಲು ಹೋದರು.

"ಎಣ್ಣಿ ನಿಮ್ಮ ಮನಿಯಿಂದ ಬರ್ತೈತೇನ್ರಿ?" ಎಂದೆ.

ನಕ್ಕು, ಹಿಟ್ಟು, ಎಣ್ಣೆ, ಉರುವಲು ಕಳೆದು ಬರೆದುಕೊಂಡರು. ಉಳಿದದ್ದು ಆರು ಸಾವಿರದ ಆಚೀಚೆ. ಗೆರೆಯ ಕೆಳಗೇ ಇದ್ದೇನೆ ಎಂದು ನಾನು ಸುಮ್ಮನಾದೆ. ಹೋಗುವಾಗ ಮಾಸ್ತರರು ಮಗಳ ಪಗಾರ ಕೇಳಿದರು. ಅದನ್ನೂ ಹೇಳಿದೆ. ಬಚ್ಚಿಡುವುದು ಏನಿತ್ತು?

ಮಗಳ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳನ್ನು ಹಿರೇಕೆರೂರಿಗೆ ಕೊಟ್ಟಿದ್ದೆವು. ಒಂದು ವರ್ಷ ನಾಗರ ಪಂಚಮಿಗೆ ತವರಿಗೆ ಬಂದಳು, ಬಗಲಲ್ಲಿ ಕೂಸು, ಕೈಯಲ್ಲಿ ಒಂದು ಚೀಲ. ಉಂಡಿ ತಿಂದು ಮುಗಿದವು, ಜೋಕಾಲಿ ಬಿಚ್ಚಿದರು, ಅವಳು ಹೋಗಲಿಲ್ಲ. ನಾನು ಹೋಗು ಎನ್ನಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ, "ಕೇಳಬ್ಯಾಡ" ಎಂದಳು, ಮತ್ತೆ ಕೇಳಲಿಲ್ಲ. ಅತ್ತ ಗಂಡ ಕರೆಯಲು ಬರಲಿಲ್ಲ, ಇತ್ತ ಇವಳು ಬಿಟ್ಟೆ ಎನ್ನಲಿಲ್ಲ. ವರ್ಷಗಳೇ ಹೋದವು. ಆದರೂ ಓಣಿಯ ಬಾಯಲ್ಲಿ ಅವಳು ಪಂಚಮಿಗೆ ಬಂದವಳೇ. ನೀರಿಗೆ ಹೋದರೆ ಯಾರಾದರೊಬ್ಬರು "ಏನವಾ, ಇನ್ನೂ ಪಂಚಮಿ ಮುಗೀಲಿಲ್ಲೇನ?" ಎನ್ನುವುದು, ಇವಳು ಕೊಡ ಎತ್ತಿಕೊಂಡು ಬರುವುದು. ಈಗ ಶಿಗ್ಗಾವಿಯ ಒಂದು ಗಾರ್ಮೆಂಟಿನಲ್ಲಿ ಅಂಗಿ ಹೊಲಿಯುತ್ತಾಳೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಒಂಬತ್ತು ಸಾವಿರದ ಹತ್ತಿರ ಬರುತ್ತದೆ. ತನ್ನ ಮಗಳ ಸಾಲಿ, ಅವಳ ಬಟ್ಟೆ, ಅವಳ ಔಷಧ ಎಲ್ಲ ಅದರಲ್ಲೇ.

ಸೋಮವಾರ ಸಂಜೆ ಗುಡಿಯ ಕಟ್ಟೆಯ ಮುಂದೆ ಓಣಿ ಕೂಡಿತು. ಒಲೆ ಎಣಿಕೆ ಭಾನುವಾರಕ್ಕಿತ್ತು, ಅದಕ್ಕೂ ಮೊದಲು ಮಂದಿ ಬರೆಸಿದ ಲೆಕ್ಕ ಓದುವುದಿತ್ತು. ಗಂಡಸರು ಕಟ್ಟೆಯ ಮೇಲೆ, ನಾವು ಕೆಳಗೆ ಚಾಪೆಯ ಮೇಲೆ. ಮಾಸ್ತರರು ಒಂದೊಂದೇ ಒಲೆ ಹೇಳುತ್ತ ಬಂದು, "ಖಾರದ ಅವ್ವಾರ ಒಲಿ, ಗೆರಿ ಮ್ಯಾಗ" ಎಂದರು.

"ಯಾರ ಒಲಿ ಗೆರಿ ಮ್ಯಾಗ್ರಿ?" ಎಂದೆ.

"ನಿಮ್ದ ಯವ್ವಾ. ನಿಮ್ಮದು, ಮಗಳದು ಕೂಡಿಸಿದ್ರ ದಾಟತೈತಿ."

"ಯಾಕ ಕೂಡಿಸಿದ್ರಿ? ಆಕಿ ಪಗಾರ ಆಕಿದು."

"ಒಲಿ ಒಂದ ಐತಲ್ರಿ."

"ಹಂಗಾರ ಆಕಿಗೊಂದು ಗೆರಿ, ನನಗೊಂದು ಗೆರಿ ಹಾಕ್ರಿ. ಇಬ್ಬರೂ ಕೆಳಗ ಬರ್ತೇವಿ."

"ಗೆರಿ ಒಲಿಗೆ ಯವ್ವಾ. ಮಂದಿಗಲ್ಲ."

ಯಜಮಾನರು ನಡುವೆ ಬಾಯಿ ಹಾಕಿದರು. ಅವರು ಯಾವಾಗಲೂ ನಗುನಗುತ್ತಲೇ ಮಾತಾಡುತ್ತಾರೆ, ಅದಕ್ಕೇ ಅವರ ಜೊತೆ ಜಗಳವಾಡುವುದು ಕಷ್ಟ. "ಯಕ್ಕಾ, ಆಕಿ ಪಂಚಮಿಗೆ ಬಂದಾಕಿ. ಇವತ್ತ ಅದಾಳ, ನಾಳೆ ಗಂಡನ ಮನಿಗೆ ಹೊಕ್ಕಾಳ. ಬಂದ ಬೀಗರಿಗೆಲ್ಲಾ ಒಲಿ ಎಣಿಸಾಕ ಬರತೈತೇನ?"

"ಬೀಗರ ಹೊಟ್ಟಿ ಎಣಿಸಂಗಿಲ್ಲ ಅಂದ್ರ ಬೀಗರ ಪಗಾರ ಯಾಕ ಎಣಿಸಿದ್ರಿ?"

ಚಾಪೆಯ ಮೇಲಿನ ಹೆಂಗಸರು ನಕ್ಕರು. ಕಟ್ಟೆಯ ಮೇಲಿನವರು ನಗಲಿಲ್ಲ. ನಾನು ಮಾಸ್ತರರ ಕಡೆ ತಿರುಗಿದೆ. ಆ ದಿನಗಳಲ್ಲಿ ಟಿವಿ ಹಚ್ಚಿದರೆ ಸಾಕು, ವರಮಾನ ತೆರಿಗೆಯ ಗೆರೆ ಏರಿತು, ಅಷ್ಟರ ತನಕ ಮಾಫಿ ಎಂದು ಅದೇ ಮಾತು.

"ಮಾಸ್ತರ, ಸರಕಾರ ನಿಮ್ಮ ಪೆನ್ಶನ್ನಿಗೆ ತೆರಿಗಿ ಹಾಕುವಾಗ ಅಕ್ಕೋರ ಪೆನ್ಶನ್ ಕೂಡಸ್ತೈತೇನ್ರಿ?"

"ಇಲ್ರಿ. ಅಲ್ಲಿ ಆಳಿಗೊಂದು ಗೆರಿ."

"ಮತ್ತ?"

"ಅದು ದಿಲ್ಲಿ ಲೆಕ್ಕ ಯವ್ವಾ. ಇದು ಓಣಿ ಲೆಕ್ಕ."

ಈಗ ಕಟ್ಟೆಯ ಮೇಲಿನವರು ನಕ್ಕರು. ನನಗೆ ಸಿಟ್ಟು ಬಂತು. ಮಾಸ್ತರರು ಮೊದಲು ಓದಿದ್ದರಲ್ಲಿ ಯಜಮಾನರ ಮನೆಗೆ ನಾಲ್ಕು ಒಲೆ ಎಂದಿತ್ತು. ಅವರದೊಂದು, ಮೂವರು ಮಕ್ಕಳದು ಮೂರು. ವ್ಯಾಪಾರದಲ್ಲಿ ಬಂತೆಂದು ಅವರು ಬರೆಸಿದ್ದನ್ನು ನಾಲ್ಕು ಒಲೆಗೆ ಹಂಚಿದರೆ ಪ್ರತಿ ಒಲೆಯೂ ಗೆರೆಯ ಕೆಳಗೆ. ಮಾಡಿನಲ್ಲಿ ಸಾಗವಾನಿ ತೊಲೆ ಇದ್ದ ಮನೆಗೆ ಪೂರ್ತಿ ಮಾಫಿ. ಎಲ್ಲರಿಗೂ ಗೊತ್ತಿತ್ತು, ಯಾರೂ ಅನ್ನಲಿಲ್ಲ. ಹಿಂದೆ ಒಲೆ ಬಚ್ಚಿಡುತ್ತಿದ್ದ ಓಣಿ, ಈಗ ಒಲೆ ಹೆಚ್ಚಿಸಲು ಕಲಿತಿತ್ತು.

"ಯಜಮಾನ್ರ, ವಾರಕ್ಕೊಮ್ಮಿ ನಿಮ್ಮ ಮನಿಗೆ ಖಾರಾ ಕೊಡಾಕ ಬರ್ತೇನಿ. ರೊಟ್ಟಿ ಬಡಿಯೋ ಸಪ್ಪಳ ಒಂದ ಕಡೆ ಕೇಳಸ್ತೈತಿ. ಉಳಿದ ಮೂರು ಒಲಿ ಎಲ್ಲಿ ಅದಾವ್ರಿ?"

"ಗ್ಯಾಸ್ ನಾಲ್ಕು ಅದಾವ ಯಕ್ಕಾ. ಬಂದು ನೋಡು."

"ಎಣಿಕಿ ದಿನಾ ಬಂದ ನೋಡ್ತೇನಿ."

ಸಭೆ ಎದ್ದ ಮೇಲೆ ಯಜಮಾನರು ನನ್ನ ಹಿಂದೆಯೇ ಬಂದರು. ದನಿ ಇಳಿಸಿ, "ಯಕ್ಕಾ, ಯಾಕ ಬಾಯಿ ಮಾಡ್ತಿ? ನೀ ಕೊಡಬ್ಯಾಡ. ನಾ ಮಾಸ್ತರಗ ಹೇಳ್ತೇನಿ. ನಿನಗ ನಾ ಮಾಫಿ ಮಾಡಿಸ್ತೇನಿ" ಎಂದರು.

"ನೀವ್ಯಾರ್ರಿ ಮಾಫಿ ಮಾಡಾಕ?"

"ಅಲ್ಲ ಯಕ್ಕಾ, ಒಳ್ಳೇದಕ್ಕ ಹೇಳಾಕತ್ತೇನಿ."

"ನಾ ಏನ ಗುನ್ನೇ ಮಾಡೇನಂತ ಮಾಫಿ? ಲೆಕ್ಕ ಸರಿ ಮಾಡ್ರಿ. ಲೆಕ್ಕದಾಗ ನಾ ಮ್ಯಾಗ ಬಂದ್ರ ಕೊಡ್ತೇನಿ, ಕೆಳಗ ಬಂದ್ರ ಕೊಡಂಗಿಲ್ಲ. ನಿಮ್ಮ ಉಪಕಾರ ಬ್ಯಾಡ."

ಆ ಮಾಫಿ ತೆಗೆದುಕೊಂಡಿದ್ದರೆ ತಿಂಗಳಿಗೆ ಮುನ್ನೂರು ಉಳಿಯುತ್ತಿತ್ತು. ಮುನ್ನೂರು ನನಗೆ ಸಣ್ಣದಲ್ಲ. ಆದರೆ ಯಜಮಾನರು ಕೊಟ್ಟದ್ದನ್ನು ಯಜಮಾನರೇ ಕಸಿಯಬಹುದು. ನಾಳೆ ನಾನು ಸಭೆಯಲ್ಲಿ ಬಾಯಿ ತೆರೆದರೆ "ನಿನಗ ಬಿಟ್ಟೇವಲ್ಲ ಯಕ್ಕಾ" ಎಂದರೆ ಮುಗಿಯಿತು. ಕೆಳಗಿನ ತುದಿಯಲ್ಲಿ ನನ್ನಂತೆಯೇ ಇನ್ನೂ ಮೂರು ಮನೆಗಳಿದ್ದವು, ಅತ್ತೆ ಸೊಸೆ ಇಬ್ಬರೂ ಎಲೆ ಕಟ್ಟುವವರು. ಒಬ್ಬೊಬ್ಬಳೂ ಕೆಳಗೆ, ಕೂಡಿಸಿದರೆ ಮೇಲೆ. ಅವರಿಗೆ ಯಾರು ಬಂದು ಕಿವಿಯಲ್ಲಿ ಹೇಳುತ್ತಾರೆ? ಹಾಗಾಗಿ ಎಲ್ಲರಿಗೂ ಕೇಳುವ ಹಾಗೆ ಒದರಿದೆ: "ಒಲಿ ಬೇಕಲ್ಲ ನಿಮಗ? ಎಣಿಕಿ ದಿನಾ ನನ್ನ ಮನ್ಯಾಗ ಎರಡು ಒಲಿ ಉರೀತಾವ. ಒಂದು ನನ್ನದು, ಒಂದು ನನ್ನ ಮಗಳದು."

ಮಗಳು ಬಸ್ಸು ಇಳಿದು ಮನೆ ಮುಟ್ಟುವ ಮೊದಲೇ ಸುದ್ದಿ ಅವಳಿಗೆ ಮುಟ್ಟಿತ್ತು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಅವ್ವ, ನನ್ನ ಕೇಳಿದ್ದೇನ ನೀ?"

"ಏನ ಕೇಳೋದು? ನಿನ್ನ ಪಗಾರ ಉಳಸಾಕ ಬಡದಾಡಾಕತ್ತೇನಿ."

"ಪಗಾರ ಹಾಳಾಗ್ಲಿ. ತವರಾಗ ಬ್ಯಾರೆ ಒಲಿ ಹೂಡಿದ್ರ ಏನ ಅರ್ಥ ಅನ್ನೋದು ಗೊತ್ತಿಲ್ಲೇನ ನಿನಗ?"

ಗೊತ್ತಿತ್ತು. ಗಂಡನ ಮನೆಯಿಂದ ಬಂದವಳು ಅವ್ವನ ಒಲೆಯಲ್ಲಿ ಎಷ್ಟು ವರ್ಷ ಉಂಡರೂ ಅವಳು ಬಂದವಳು, ಹೋಗುವವಳು. ಬೇರೆ ಒಲೆ ಹೂಡಿದ ದಿನ ಅವಳು ಗಂಡನನ್ನು ಬಿಟ್ಟವಳು. ಕೋರ್ಟು ಬೇಡ, ಹಿರಿಯರು ಬೇಡ, ಹೊಗೆ ಕಂಡರೆ ಸಾಕು, ನಮ್ಮ ಕಡೆ ಅದನ್ನು ಎಲ್ಲರೂ ಓದುತ್ತಾರೆ. ಇವಳು ಇಷ್ಟು ವರ್ಷ ಯಾರಿಗೂ ಹೇಳದೆ ನುಂಗಿಕೊಂಡದ್ದನ್ನು ನಾನು ಗುಡಿಯ ಮುಂದೆ ಒದರಿ ಬಂದಿದ್ದೆ.

"ಸುಳ್ಳೇನ ಹೇಳಿಲ್ಲ ನಾ. ನೀ ಹೊಕ್ಕೀ ಏನ ಅಲ್ಲಿಗೆ?" ಎಂದೆ.

"ಹೋಗೋದು ಬಿಡೋದು ನನಗ ಬಿಟ್ಟಿದ್ದು. ಡೀಸೆಲ್ ಪಟ್ಟಿ ಸಲುವಾಗಿ ಯಾಕ ಹೇಳಬೇಕು ನಾ? ಮುನ್ನೂರು ರೂಪಾಯಿಗೆ ನನ್ನ ಗಂಡನ್ನ ಬಿಡಸಾಕ ಬಂದೀ ಏನ?"

"ಮುನ್ನೂರರ ಮಾತಲ್ಲದು. ನಿನ್ನ ಪಗಾರ ಎಣಿಸಿದ್ರು, ನಿನ್ನ ಎಣಿಸಲಿಲ್ಲ. ಸುಮ್ನ ಕುಂದರ್ಲೇನ?"

"ಕುಂದ್ರಬೇಕಿತ್ತು."

ಅಷ್ಟೇ. ಆ ರಾತ್ರಿ ಅವಳು ಉಣ್ಣಲಿಲ್ಲ. ಮರುದಿನ ಬುತ್ತಿ ಕಟ್ಟಿಕೊಳ್ಳದೆ ಹೋದಳು. ತಾಯಿಯನ್ನು ಅವ್ವ, ನನ್ನನ್ನು ಅಮ್ಮ ಎನ್ನುವ ಮೊಮ್ಮಗಳು ನಮ್ಮಿಬ್ಬರ ನಡುವೆ "ಅವ್ವ ಚಾ ಬ್ಯಾಡಂತ", "ಅಮ್ಮ ಹಾಲು ತಾ ಅಂತಾಳ" ಎಂದು ಮಾತು ಹೊತ್ತಳು. ನಾನು ತಪ್ಪಾಯಿತು ಎನ್ನಲಿಲ್ಲ. ತಪ್ಪು ಎನಿಸಿರಲಿಲ್ಲ. ಆದರೆ ಒಲೆ ತರಲೂ ಹೋಗಲಿಲ್ಲ. ಒದರುವುದು ನನ್ನ ಕೈಯಲ್ಲಿತ್ತು, ಹೊತ್ತಿಸುವುದು ಅವಳ ಕೈಯಲ್ಲಿ. ಅವಳು ಹೊತ್ತಿಸದಿದ್ದರೆ ಭಾನುವಾರ ಎಲ್ಲರ ಮುಂದೆ ನನ್ನ ಮುಖ ಬೀಳುತ್ತದೆ, ತಿಂಗಳಾ ತಿಂಗಳಾ ಮುನ್ನೂರೂ ಎಣಿಸಿ ಕೊಡಬೇಕಾಗುತ್ತದೆ. ಆಗಲಿ ಎಂದುಕೊಂಡೆ. ಕೊಟ್ಟು ಬೈಯುತ್ತ ಇರುವುದು ನನಗೆ ಬರುತ್ತದೆ.

ಶನಿವಾರ ಸಂಜೆ ನಾನು ಭಟ್ಟಿಯ ಮುಂದೆ ಕೂತು ಕೊನೆಯ ಘಾಣದ ಖಾರಾ ಕರಿಯುತ್ತಿದ್ದೆ. ಓಣಿಯ ತಿರುವಿನಲ್ಲಿ ಮಕ್ಕಳು ಏನೋ ಗುಲ್ಲೆಬ್ಬಿಸಿದರು. ನೋಡಿದರೆ ಮಗಳು ಬರುತ್ತಿದ್ದಾಳೆ. ಹೆಗಲಿಗೆ ಬುತ್ತಿಯ ಚೀಲ, ಟೊಂಕದ ಮೇಲೆ ಕೂಸನ್ನು ಕೂರಿಸಿಕೊಂಡ ಹಾಗೆ ಒಂದು ಮಣ್ಣಿನ ಒಲೆ. ಶಿಗ್ಗಾವಿಯ ಬಜಾರದಲ್ಲಿ ಕೊಂಡಿದ್ದಳು. ಮುಚ್ಚಲು ಒಂದು ಅರಿವೆ ಕೂಡ ಹೊದಿಸಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಇಡೀ ಪೇಟೆ ದಾಟಿ, ಯಜಮಾನರ ಅಂಗಡಿಯ ಮುಂದೆ ಹಾದು, ಹಾಗೇ ನಡೆದು ಬಂದಿದ್ದಳು.

ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಐದು ದಿನಗಳಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಇದು: "ಬಸ್ಸಿನ್ಯಾಗ ನನಗ ಪುಕ್ಕಟೆ ಅಂತ. ಒಲಿಗೆ ಟಿಕೆಟ್ ತಗೋ ಅಂದ ಕಂಡಕ್ಟರ್."

"ತಗೊಂಡೇನ?"

"ತಗೊಂಡೆ. ಯಾವ ಊರಿಗೆ ಒಲಿ ಅಂತ ಬಾಜೂದಾಕಿ ಕೇಳಿದ್ಲು. ನನ್ನ ಮನಿಗೆ ಅಂದೆ."

"ಎಷ್ಟ ಕೊಟ್ಟಿ ಒಲಿಗೆ?" ಎಂದೆ. ಹೇಳಿದಳು. "ಜಾಸ್ತಿ ಆತು" ಎಂದೆ. "ಹಂಗಾರ ನೀ ತರಬೇಕಿತ್ತು" ಎಂದಳು. ಒಳಗೆ ಹೋಗಿ ತಿರುಗಿ ಬಂದು ಇನ್ನೊಂದು ಮಾತು ಸೇರಿಸಿದಳು. "ಅವ್ವ, ಇದು ಎಣಿಕಿ ಸಲುವಾಗಿ ಅಲ್ಲ, ಹೇಳಿರ್ತೇನಿ. ನಾಳೆ ಹಚ್ಚಿ ನಾಡಿದ್ದ ಆರಸೋ ಒಲಿ ಬ್ಯಾಡ ನನಗ. ಹೂಡಿದೆ ಅಂದ್ರ ಹೂಡಿದೆ."

ಭಾನುವಾರ ಮುಂಜಾನೆ ಮೇಲಿನ ತುದಿಯಿಂದ ಎಣಿಕೆ ಶುರುವಾಯಿತು. ಮಾಸ್ತರರು, ಯಜಮಾನರು, ಇನ್ನಿಬ್ಬರು ಹಿರಿಯರು. ನಾನು ಹೇಳಿದ ಹಾಗೆ ಹೋಗಿ ಅವರ ಹಿಂದೆ ನಿಂತೆ. "ಹೆಂಗಸ್ರು ಎಣಿಕಿಗೆ ಬರಂಗಿಲ್ಲವಾ" ಎಂದ ಒಬ್ಬ. "ಒಲಿ ಮುಂದ ಕುಂದ್ರಾವ್ರು ಯಾರ, ನೀನೇನ?" ಎಂದೆ. ನನ್ನ ಹಿಂದೆ ಎಲೆ ಕಟ್ಟುವ ಇಬ್ಬರು ಸೇರಿಕೊಂಡರು, ಯಜಮಾನರ ನಡುಮನೆಯ ತನಕ ಹೋದೆವು.

ಯಜಮಾನರ ಮನೆಯಲ್ಲಿ ನಾಲ್ಕು ಕೋಣೆ, ನಾಲ್ಕು ಗ್ಯಾಸಿನ ಒಲೆ, ನಾಲ್ಕರಲ್ಲೂ ಬೆಂಕಿ, ನಾಲ್ಕರ ಮೇಲೂ ಮುಚ್ಚಿದ ಪಾತ್ರೆ. ಮೂರು ಕೋಣೆಗಳಲ್ಲಿ ಒಲೆಯನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಒಂದರ ಪಕ್ಕದಲ್ಲೇ ಮಂಚ. ಸೊಸೆಯಂದಿರು ಗೋಡೆಗೆ ಆನಿಕೊಂಡು ನಿಂತಿದ್ದರು, ಒಬ್ಬಳು ನಗು ತಡೆಯಲಾರದೆ ಸೆರಗು ಕಚ್ಚಿದ್ದಳು. ನಾನು ಮೊದಲನೆಯ ಮುಚ್ಚಳ ತೆಗೆದೆ. ಸಾರು. ಎರಡನೆಯದು ತೆಗೆದೆ. ನೀರು. ಮೂರನೆಯದು ನೀರು. ನಾಲ್ಕನೆಯದೂ ನೀರು.

"ಮೂರೂ ಮನ್ಯಾಗ ಇವತ್ತ ನೀರಿನ ಸಾರೇನ್ರಿ ಯಜಮಾನ್ರ? ಉಪ್ಪರ ಹಾಕ್ಯಾರೋ ಇಲ್ಲೋ?"

ಸೆರಗು ಕಚ್ಚಿದ್ದ ಸೊಸೆ ಓಡಿಹೋದಳು. ಯಜಮಾನರೂ ನಕ್ಕರು, ಅವರ ನಗುವಿಗೆ ಬರವಿಲ್ಲ. ಆದರೆ ಕಿವಿ ಕೆಂಪಾಗಿದ್ದವು. ಎಲ್ಲರೂ ಮಾಸ್ತರರ ಮುಖ ನೋಡಿದರು. ಅವರು ಪಾಪ, ವ್ಯಾನಿಗೆ ದೇಣಿಗೆ ಕೊಟ್ಟವರನ್ನು ಅವರ ಮನೆಯಲ್ಲೇ ಸುಳ್ಳುಗಾರ ಎನ್ನುವುದು ಹೇಗೆ? ಕೆಮ್ಮಿದರು. "ಬೆಂಕಿ ಐತಿ, ಪಾತ್ರಿ ಐತಿ. ಪದ್ಧತಿ ಪ್ರಕಾರ ನಾಲ್ಕು" ಎಂದು ಬರೆದುಕೊಂಡರು.

"ಬರ್ಕೊಳ್ರಿ. ಇದ ಪದ್ಧತಿ ನನ್ನ ಮನಿ ತನಕಾ ಹಿಡ್ಕೊಂಡ ಬರ್ರಿ" ಎಂದೆ.

ನಮ್ಮ ಮನೆಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ನನ್ನ ಒಲೆ ಒಳಗೆ, ಮೇಲೆ ಅನ್ನ. ಮಗಳು ತನ್ನ ಒಲೆಯನ್ನು ಹಿತ್ತಲಲ್ಲಿ ಇಟ್ಟಿರಲಿಲ್ಲ. ಓಣಿಗೆ ಕಾಣುವ ಹಾಗೆ ಮುಂದಿನ ಪಡಸಾಲೆಯಲ್ಲಿ, ಬಾಗಿಲ ಪಕ್ಕಕ್ಕೆ ಹೂಡಿದ್ದಳು. ಹೆಂಚು ಕಾದಿತ್ತು, ರೊಟ್ಟಿ ಬಡಿಯುತ್ತಿದ್ದಳು. ಜೋಳವನ್ನೂ ನನ್ನ ಡಬ್ಬಿಯಿಂದ ತೆಗೆದುಕೊಂಡಿರಲಿಲ್ಲ, ಬೇರೆ ಕೊಂಡು ಬೀಸಿಸಿಕೊಂಡು ಬಂದಿದ್ದಳು. ಅವರು ಬಂದದ್ದು ಕಂಡರೂ ಕೈ ನಿಲ್ಲಿಸಲಿಲ್ಲ.

ಮಾಸ್ತರರು ಎರಡು ಎಂದು ಹೇಳುವಷ್ಟರಲ್ಲಿ ಯಜಮಾನರು ಅಡ್ಡ ಬಂದರು. ನೀರಿನ ಪಾತ್ರೆಗಳ ಉರಿ ಇನ್ನೂ ಅವರ ಮುಖದಲ್ಲಿತ್ತು. "ತಡೀರಿ ಮಾಸ್ತರ. ಗಂಡನ ಮನಿಗೆ ಹೋಗಾಕಿ ಒಲಿ ಎಣಿಸಾಕ ಬರಂಗಿಲ್ಲ. ನಾಳೆ ಆಕಿ ಗಂಡ ಬಂದು, ನನ್ನ ಹೆಣ್ತಿ ಒಲಿ ನೀವ್ಯಾಕ ಬ್ಯಾರೆ ಎಣಿಸಿದ್ರಿ ಅಂದ್ರ ಯಾರ ಜವಾಬ್ದಾರಿ?"

ನಾನು ಬಾಯಿ ತೆರೆದೆ. ಮಗಳು ಹಿಟ್ಟಿನ ಕೈ ನನ್ನ ಕಡೆ ಎತ್ತಿ ತಡೆದಳು. ನನ್ನ ಜನ್ಮದಲ್ಲಿ ನನ್ನ ಬಾಯಿ ಮುಚ್ಚಿಸಿದ ಕೈ ಅದೊಂದೇ.

"ಕಾಕಾ, ನಾ ಹೋಗಾಕಿ ಅಲ್ಲ" ಎಂದಳು.

"ಅಂದ್ರ?"

"ಅಂದ್ರ ಹೋಗಂಗಿಲ್ಲ. ಪಂಚಮಿ ಮುಗದೈತಿ. ಅಲ್ಲಿ ನನ್ನ ಜಾಗಾದಾಗ ಬ್ಯಾರೆಯಾಕಿ ಅದಾಳ, ಆಕಿ ಬಂದ ಮ್ಯಾಲೆ ನಾ ಇಲ್ಲಿಗೆ ಬಂದೇನಿ. ಇಷ್ಟ ದಿನಾ ಹೇಳಿದ್ದಿಲ್ಲ, ಈಗ ಹೇಳೇನಿ. ಆತು?"

ಇದು ನನಗೂ ಅವತ್ತೇ ತಿಳಿದದ್ದು. ಹೆಂಚಿನ ಮೇಲಿನ ರೊಟ್ಟಿ ಹತ್ತುವ ವಾಸನೆ ಬಂತು. ಅವಳು ತಿರುವಿ ಹಾಕಿ, ತಲೆ ಎತ್ತದೆ, "ಬೆಂಕಿ ಐತಿ, ಪಾತ್ರಿ ಐತಿ. ಮುಚ್ಚಳಾ ತಗದು ನೋಡೋದೇನೂ ಇಲ್ಲ. ಬರ್ಕೊಳ್ರಿ ಮಾಸ್ತರ" ಎಂದಳು. ಹಿಂದೆ ನಿಂತಿದ್ದ ಎಲೆ ಕಟ್ಟುವ ಹೆಂಗಸರಲ್ಲಿ ಒಬ್ಬಳು ಬಂದು ಒಲೆಯ ಮುಂದೆ ಕುಳಿತು, "ಒಂದ ರೊಟ್ಟಿ ಕೊಡು ತಂಗಿ, ಹೊಸ ಒಲಿದು ಹೆಂಗಿರತೈತಿ ನೋಡೂಣು" ಎಂದಳು.

ಮಾಸ್ತರರು ಬರೆದುಕೊಂಡರು. ಎರಡು ಒಲೆ, ಎರಡೂ ಗೆರೆಯ ಕೆಳಗೆ.

ಓಣಿಯ ಲೆಕ್ಕ ಅಲ್ಲಿಗೆ ನಿಲ್ಲಲಿಲ್ಲ. ಹದಿನೈದು ದಿನ ಆಗುವುದರೊಳಗೆ ಕೆಳಗಿನ ತುದಿಯ ಆ ಮೂರು ಮನೆಗಳಿಗೂ ಮಣ್ಣಿನ ಒಲೆ ಬಂದವು. ಜಗಳವೇ ಆಡದ ಅತ್ತೆ ಸೊಸೆ ನಗುತ್ತ ಬೇರೆ ಅಡಿಗೆ ಹೂಡಿದರು. ಮೇಲಿನ ತುದಿಯಲ್ಲೂ ಸ್ಟೂಲಿನ ಮೇಲೆ ಗ್ಯಾಸು ಹೆಚ್ಚಿದವು. ಎಲ್ಲರೂ ಗೆರೆಯ ಕೆಳಗೆ, ಗಾಡಿಗೆ ಡೀಸೆಲ್ ಇಲ್ಲ. ಕೊನೆಗೆ ಮಾಸ್ತರರೇ ನನ್ನ ಭಟ್ಟಿಯ ಮುಂದೆ ಬಂದು ಕೂತು, "ಯವ್ವಾ, ಒಲಿ ಬಿಟ್ಟು ತಲಿ ಲೆಕ್ಕ ಹಾಕಬೇಕಾತು ನೋಡ್ರಿ. ದುಡಿಯೋ ತಲಿಗೊಂದು ಗೆರಿ" ಎಂದರು. ಅವತ್ತೇ ಕೇಳಿದ್ದರೆ ಇಷ್ಟು ಮಣ್ಣು ಬೇಯಿಸುವುದು ಉಳಿಯುತ್ತಿತ್ತು ಎಂದೆ. ವ್ಯಾಪಾರವೆಲ್ಲ ಯಜಮಾನರೊಬ್ಬರ ಹೆಸರಿನಲ್ಲೇ ಇದೆ, ಅವರು ಒಪ್ಪುವುದಿಲ್ಲ ಎಂದರು ಮಾಸ್ತರರು. ಒಪ್ಪಿಸುವ ತನಕ ನಾನು ಸಭೆ ಬಿಡುವುದಿಲ್ಲ ಎಂದೆ. ಗೆರೆಯ ಕೆಳಗಿನದು ಎಲ್ಲರಿಗೂ ಬಿಡಿ, ಯಜಮಾನರಿಗೂ ಬಿಡಿ, ಮೇಲಿನದರ ಮೇಲೆ ಮಾತ್ರ ನೂರಕ್ಕೆ ಇಷ್ಟು ತೆಗೆದುಕೊಳ್ಳಿ ಎಂದೂ ಹೇಳಿದೆ. ಅದು ಇನ್ನೂ ತೀರ್ಮಾನವಾಗಿಲ್ಲ. ಸಭೆ ನಡೆಯುತ್ತಲೇ ಇದೆ.

ಹಿರೇಕೆರೂರಿನಿಂದ ಫೋನು ಬಂದದ್ದು ಅಂಥ ಒಂದು ಸಭೆಯ ದಿನ. ಮಗಳು ತನ್ನ ಒಲೆಯ ಮುಂದೆ ಕೂತು ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಫೋನು ಕಿವಿಗೂ ಭುಜಕ್ಕೂ ನಡುವೆ ಇಟ್ಟುಕೊಂಡಳು. ಅತ್ತೆಯ ದನಿ ದೊಡ್ಡದು, ನನಗೂ ಕೇಳಿಸುತ್ತಿತ್ತು.

"ಬ್ಯಾರೆ ಒಲಿ ಹೂಡಿಯಂತ?"

"ಹೂಡೇನ್ರಿ ಅತ್ತಿ."

"ನಿಮ್ಮವ್ವ ಕಲಿಸಿದ್ದಾ?"

"ಅವ್ವ ಒದರಿದ್ಲು. ಹೂಡಿದ್ದು ನಾ."

"ನಿನ್ನ ಟ್ರಂಕು ಇಲ್ಲೇ ಐತಿ. ಏನ ಮಾಡ್ಲಿ?" ಎಂದರು.

"ಬಸ್ಸಿಗೆ ಹಾಕಿ ಕಳಸ್ರಿ. ಲಗೇಜ್ ರೊಕ್ಕಾ ಇಲ್ಲಿ ನಾ ಕೊಡ್ತೇನಿ."

"ಮತ್ತ ಅವಗ ಏನ ಹೇಳ್ಲಿ?"

"ಏನೂ ಬ್ಯಾಡ್ರಿ. ಇಷ್ಟ ವರ್ಷ ಅಂವಾ ಕೇಳಿಲ್ಲಲ್ಲ."

ಫೋನು ಕೆಳಗಿಟ್ಟು ಪಲ್ಯ ಕೈಯಾಡಿಸಿದಳು. ನಾನು ಸಭೆಗೆ ಹೋಗಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. "ಅಳಾಕತ್ತೀ ಏನ?" ಎಂದೆ. "ಹೊಗಿ" ಎಂದಳು. ಹೊಗೆ ಇತ್ತು, ಅದು ನಿಜ. ಉರಿ ತಗ್ಗಿಸಿ, ಪಲ್ಯಕ್ಕೆ ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಎದ್ದಳು.

"ನೀ ಎಲ್ಲಿಗೆ?"

"ಸಭಾಕ್ಕ. ನಿನ್ನ ಒಲಿಗೆ ನೀ ಮಾತಾಡು, ನನ್ನ ಒಲಿಗೆ ನಾ ಮಾತಾಡ್ತೇನಿ."

ನನಗಿಂತ ಮುಂದೆ ನಡೆದು ಹೋಗಿ, ಚಾಪೆಯ ಮೇಲೆ ಕೂರದೆ, ಯಜಮಾನರ ಪಕ್ಕ ಕಟ್ಟೆಯ ಮೇಲೆ ಕೂತಳು. ಯಾರೋ ಕೆಳಗೆ ಇಳಿ ಎಂದರು. ಇಳಿಯಲಿಲ್ಲ. ನಾನು ಹೋಗಿ ಅವಳ ಪಕ್ಕ ಕೂತೆ.